ಎಣಿಸಿ ಪಡೆದ ದೇಹ

ಪ್ರತಿ ವರ್ಷ ನವೆಂಬರ್ ಬಂತೆಂದರೆ ನಮ್ಮ ಬ್ಯಾಂಕಿನ ಶಾಖೆಯ ಮುಂದೆ ಬೆಳಗಿನ ಒಂಬತ್ತಕ್ಕೇ ಪಿಂಚಣಿದಾರರ ಸಾಲು ನಿಲ್ಲುತ್ತಿತ್ತು. ಬದುಕಿದ್ದೇವೆ ಎಂಬ ಪ್ರಮಾಣಪತ್ರವನ್ನು ಆ ತಿಂಗಳಲ್ಲಿ ಕೊಡದಿದ್ದರೆ ಪಿಂಚಣಿ ನಿಂತುಹೋಗುತ್ತದೆ. ಧಾರವಾಡ ಜಿಲ್ಲೆಯ ಆ ಶಾಖೆಯಲ್ಲಿ ನಾನು ಪಿಂಚಣಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ ಶಾಲಾ ಮಾಸ್ತರರು, ರೈಲ್ವೆಯವರು, ಪೊಲೀಸರ ವಿಧವೆಯರು ಹೀಗೆ ನೂರಾರು ಜನರ ಕಾಗದಪತ್ರಗಳು ನನ್ನ ಕೈಯ ಮೇಲೆ ಹಾದುಹೋಗಿವೆ. ನಿವೃತ್ತಳಾದ ಮೇಲೂ ಮನಸ್ಸಿನಿಂದ ಹೋಗದೆ ಉಳಿದವರು ಮಾತ್ರ ಸೈನ್ಯದಲ್ಲಿ ಗಾಯಗೊಂಡು ಊರಿಗೆ ಮರಳಿದವರು.

ಕೇಂದ್ರ ಸರ್ಕಾರ 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ವ್ಯವಸ್ಥೆಯನ್ನು ತಂದಿತ್ತು. ಅದರ ಮರುವರ್ಷ ನಮ್ಮ ಮೇಜಿನ ಮೇಲೆ ಬೆರಳಚ್ಚು ಯಂತ್ರ ಬಂದು ಕೂತಿತು. ಬೆರಳು ಇಟ್ಟರೆ ಸಾಕು, ಕಾಗದ ತುಂಬುವ ಕೆಲಸವಿಲ್ಲ ಎಂದು ನಾನೇ ಎಲ್ಲರಿಗೂ ಉತ್ಸಾಹದಿಂದ ಹೇಳುತ್ತಿದ್ದೆ. ಸಾಲಿನಲ್ಲಿ ನಿಂತಿದ್ದ ಒಬ್ಬ ನಿವೃತ್ತ ಹವಾಲ್ದಾರರಿಗೂ ಹಾಗೆಯೇ ಹೇಳಿದೆ. ಅವರು ಜೇಬಿನಿಂದ ಬಲಗೈಯನ್ನು ಹೊರತೆಗೆದು ಯಂತ್ರದ ಪಕ್ಕದಲ್ಲಿ ಮೆಲ್ಲಗೆ ಇಟ್ಟರು. ನಾಲ್ಕು ಬೆರಳುಗಳಿಗೆ ತುದಿಗಳಿರಲಿಲ್ಲ. ಹೆಬ್ಬೆರಳು ಇತ್ತು, ಆದರೆ ಅದರ ಚರ್ಮ ಹೊಳಪು ಹೊಡೆದ ಕಲ್ಲಿನಂತೆ ನುಣ್ಣಗಾಗಿ ಗೆರೆಗಳೇ ಅಳಿಸಿಹೋಗಿದ್ದವು. ಎಡಗೈಯೂ ಅದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. “ಬೆರಳ ಇದ್ದಿದ್ರ ಒತ್ತತಿದ್ನಿರಿ ಅಕ್ಕಾರ, ಅವನ್ನ ಮ್ಯಾಲೇ ಬಿಟ್ಟ ಬಂದೇನಿ” ಎಂದರು. ಮೇಲೆ ಎಂದರೆ ಸಿಯಾಚಿನ್. ಹಿಮದಲ್ಲಿ ರಕ್ತ ಓಡದೆ ಬೆರಳುಗಳು ಕಪ್ಪಾಗಿ ಸತ್ತಾಗ ವೈದ್ಯರು ಅವುಗಳನ್ನು ಕತ್ತರಿಸಿ ತೆಗೆಯಬೇಕಾಗಿತ್ತು. ಆ ದಿನ ಯಂತ್ರವನ್ನು ಬದಿಗೆ ಸರಿಸಿ, ಹಳೆಯ ಫಾರಮ್ಮಿನಲ್ಲಿ ಅವರ ಸಹಿ ಪಡೆದು, ಅವರು ಬದುಕಿದ್ದಾರೆಂದು ನನ್ನ ಕೈಯಾರೆ ಬರೆದುಕೊಟ್ಟೆ. ಮುಖ ನೋಡಿ ಗುರುತಿಸುವ ಸೌಲಭ್ಯ ಬಂದದ್ದು 2021ರಲ್ಲಿ.

ಹವಾಲ್ದಾರರು ಬಂದುಹೋದ ಎರಡೂವರೆ ತಿಂಗಳಿಗೆ, 2016ರ ಫೆಬ್ರುವರಿ 3ರಂದು, ಸಿಯಾಚಿನ್‌ನಲ್ಲಿ ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ 10 ಜನ ಹೂತುಹೋದರು. ಅವರಲ್ಲಿ ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರು. ಅವರಿಗಾಗಿ ಹರಕೆ ಹೊರದ ಮನೆ ಈ ಭಾಗದಲ್ಲಿ ಇರಲಿಲ್ಲವೆಂದರೂ ನಡೆದೀತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅಂತಿಮ ದರ್ಶನಕ್ಕೆ ಸೇರಿದ ಜನಸಾಗರದಲ್ಲಿ ನಾನೂ ಇದ್ದೆ, ನಾನೂ ಅತ್ತೆ. ಆದರೆ ಆ ಸಂಜೆ ಮನೆಗೆ ಬರುವಾಗ ನನಗೆ ನೆನಪಾದದ್ದು ನವೆಂಬರಿನ ಆ ಎರಡು ಕೈಗಳು. ಅದೇ ಹಿಮದಿಂದ ಇಳಿದುಬಂದ ಆ ಮನುಷ್ಯನಿಗೆ ನಾವು, ನನ್ನನ್ನೂ ಸೇರಿಸಿಕೊಂಡು, ಏನು ಮಾಡಿದ್ದೆವು? ಅವರ ಕಡತವನ್ನು ನಾನು ಮೊದಲ ಸಲ ಗಮನವಿಟ್ಟು ಓದಿದ್ದು ಮರುದಿನ.

ಗಾಯಗೊಂಡ ಸೈನಿಕನ ಪಿಂಚಣಿಯಲ್ಲಿ ಎರಡು ಪಾಲುಗಳಿರುತ್ತವೆ. ಒಂದು ಸೇವೆಗೆ ಸಂಬಂಧಿಸಿದ ಪಾಲು, ಅದನ್ನು ಎಲ್ಲರೂ ಸರ್ವಿಸ್ ಎಲಿಮೆಂಟ್ ಎನ್ನುತ್ತಾರೆ. ಇನ್ನೊಂದು ದೇಹಕ್ಕಾದ ನಷ್ಟಕ್ಕೆ ಕೊಡುವ ಡಿಸೆಬಿಲಿಟಿ ಎಲಿಮೆಂಟ್. ನೂರಕ್ಕೆ ನೂರು ಅಂಗವೈಕಲ್ಯವಾದವನಿಗೆ ಈ ಎರಡನೆಯ ಪಾಲು ಕೊನೆಯ ವೇತನದ ಶೇಕಡ 30ರಷ್ಟು. ಅಂಗವೈಕಲ್ಯ ಕಡಿಮೆಯಾದಂತೆ ಅದೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಯುದ್ಧದಲ್ಲಿ ಆದ ಗಾಯಕ್ಕೆ ಇದಕ್ಕಿಂತ ಹೆಚ್ಚಿನ ದರವಿದೆ. ಲೆಕ್ಕಕ್ಕೆಂದು ಕೊನೆಯ ವೇತನ 40,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಶೇಕಡ 100 ಅಂಗವೈಕಲ್ಯಕ್ಕೆ 12,000 ರೂಪಾಯಿ, ಶೇಕಡ 50ಕ್ಕೆ 6,000, ಶೇಕಡ 30ಕ್ಕೆ 3,600. ಇವುಗಳ ಮೇಲೆ ತುಟ್ಟಿಭತ್ಯೆ. ವೈದ್ಯಕೀಯ ಮಂಡಳಿ, ಸೈನಿಕರ ಬಾಯಲ್ಲಿ ಮೆಡಿಕಲ್ ಬೋರ್ಡ್, ಒಂದು ಸಣ್ಣ ಚೌಕದಲ್ಲಿ ಬರೆಯುವ ಅಂಕಿಯೊಂದು ಒಂದು ಮನೆಯ ತಿಂಗಳ ದಿನಸಿಯನ್ನು ಸಾಯುವ ತನಕ ನಿರ್ಧರಿಸುತ್ತದೆ.

ಗಾಯವನ್ನು ಇಷ್ಟು ನುಣ್ಣಗೆ ಅಳೆಯುವುದು ಸಾಧ್ಯವಿಲ್ಲವೆಂದು ಸರ್ಕಾರವೇ ಒಪ್ಪಿಕೊಂಡಿತ್ತು. ಮಂಡಳಿಗಳ ನಡುವೆ ಅಂಕಿಗಳು ಏರುಪೇರಾಗುವುದನ್ನು ತಪ್ಪಿಸಲು, ಐದನೆಯ ವೇತನ ಆಯೋಗದ ನಂತರ ಹೊರಟ 2001ರ ಆದೇಶದಲ್ಲಿ ಶೇಕಡ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೂ ಮೇಲಿನದನ್ನು 100 ಎಂದೂ ಎಣಿಸಬೇಕೆಂದು ಹೇಳಲಾಯಿತು. ಆದರೆ ಈ ಅನುಕೂಲ ದೊರೆತದ್ದು ಗಾಯದ ಕಾರಣಕ್ಕೆ ಸೇವೆಯ ಮಧ್ಯದಲ್ಲೇ ಹೊರಬಂದವರಿಗೆ, ಅಂದರೆ ಬೋರ್ಡ್ ಔಟ್ ಆದವರಿಗೆ ಮಾತ್ರ. ನಮ್ಮ ಹವಾಲ್ದಾರರು ಬೆರಳಿಲ್ಲದ ಕೈಗಳಿಂದಲೇ ಸ್ಟೋರ್ಸ್‌ನಲ್ಲಿ ಲೆಕ್ಕ ಬರೆಯುತ್ತ, ಕೆಳದರ್ಜೆಯ ವೈದ್ಯಕೀಯ ವರ್ಗದಲ್ಲಿ ಇನ್ನೂ ಏಳು ವರ್ಷ ದುಡಿದು, ಅವಧಿ ಮುಗಿಸಿ 2009ರಲ್ಲಿ ನಿವೃತ್ತರಾದರು. ಹಾಗಾಗಿ ಅವರ ಶೇಕಡ 30 ಮೂವತ್ತಾಗಿಯೇ ಉಳಿಯಿತು. ಗಾಯಗೊಂಡ ಮೇಲೂ ಕೆಲಸ ಬಿಡದವನಿಗೆ ಕಡಿಮೆ, ಅದೇ ಗಾಯಕ್ಕೆ ಮನೆಗೆ ಹೋದವನಿಗೆ ಹೆಚ್ಚು ಎಂಬ ಈ ಭೇದವನ್ನು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಅಳಿಸಿಹಾಕಿತು. ತೀರ್ಪು ಬಂದ ಮೇಲಾದರೂ ಅದು ತಾನಾಗಿಯೇ ಎಲ್ಲರ ಪಿಂಚಣಿಗೆ ಸೇರಬೇಕಿತ್ತಲ್ಲವೇ? ಹಾಗಾಗಲಿಲ್ಲ. ಸಾವಿರಾರು ಜನ ಒಬ್ಬೊಬ್ಬರಾಗಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಿ ತಮ್ಮ ತಮ್ಮ ಹೆಸರಿನ ಆದೇಶ ತರಬೇಕಾಯಿತು. ಹವಾಲ್ದಾರರಿಗೆ ನಾನು ಆ ತೀರ್ಪಿನ ವಿಷಯ ತಿಳಿಸಿದ್ದು 2016ರಲ್ಲಿ, ಅವರು ಅರ್ಜಿ ಹಾಕಿದ್ದು 2017ರಲ್ಲಿ, ಆದೇಶ ಕೈಗೆ ಬಂದದ್ದು 2019ರಲ್ಲಿ. ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಗಳ ಬಾಕಿ ಮಾತ್ರ ಸಿಕ್ಕಿತು. ತಡವಾಗಿ ಬಂದವರಿಗೆ ಅಷ್ಟೇ ಬಾಕಿ ಎಂಬ 2008ರ ತೀರ್ಪೊಂದನ್ನು ಇಂಥ ಅನೇಕ ಪ್ರಕರಣಗಳಿಗೆ ಅನ್ವಯಿಸಲಾಗಿದೆ. ಉಳಿದ ಐದು ವರ್ಷಗಳ ಹಣ ಹೋಯಿತು. ಗೊತ್ತಿಲ್ಲದ್ದಕ್ಕೆ ತೆತ್ತ ದಂಡ ಅದು, ಮತ್ತು ಆ ಐದು ವರ್ಷವೂ ಅವರು ಪ್ರತಿ ತಿಂಗಳು ನನ್ನ ಮೇಜಿನ ಮುಂದೆ ಬಂದು ಹೋಗುತ್ತಿದ್ದರು ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಸುವ ಪಾಠವೊಂದಿದೆ. ಗ್ರಾಹಕ ಕೊಟ್ಟ ನೋಟುಗಳನ್ನು ಅವನ ಕಣ್ಣೆದುರಿಗೇ ಎಣಿಸಬೇಕು. ಹರಿದದ್ದು, ಖೋಟಾ ಇದ್ದದ್ದು ಕಂಡರೆ ಆಗಲೇ ಹೇಳಬೇಕು. ಎಣಿಸಿ, ರಸೀದಿಗೆ ಮೊಹರು ಹಾಕಿ ಒಳಗೆ ತೆಗೆದುಕೊಂಡ ಮೇಲೆ, ನಿನ್ನ ನೋಟು ಮೊದಲೇ ಹರಿದಿತ್ತು ಎಂದು ಗ್ರಾಹಕನಿಗೆ ಹೇಳುವ ಹಕ್ಕು ನಮಗಿಲ್ಲ. ಹಾಗೆ ಹೇಳಲೇಬೇಕೆಂದಿದ್ದರೆ ಸಾಕ್ಷ್ಯ ನಾವು ಕೊಡಬೇಕು, ಅವನಲ್ಲ.

ಸೈನ್ಯ ಒಬ್ಬ ಹುಡುಗನನ್ನು ತೆಗೆದುಕೊಳ್ಳುವ ರೀತಿ ಇದಕ್ಕಿಂತಲೂ ಬಿಗಿಯಾದದ್ದು. ಭರ್ತಿ ರ‍್ಯಾಲಿಯ ಮೈದಾನದಲ್ಲಿ 1.6 ಕಿಲೋಮೀಟರ್ ಓಡಿಸುತ್ತಾರೆ, ಒಂಬತ್ತು ಅಡಿಯ ಹಳ್ಳ ಜಿಗಿಸುತ್ತಾರೆ. ಆಮೇಲೆ ವೈದ್ಯರ ಸರದಿ. ಉಸಿರೆಳೆದಾಗ ಎದೆ ಐದು ಸೆಂಟಿಮೀಟರ್ ಹಿಗ್ಗಬೇಕು. ಮೊಣಕಾಲುಗಳು ಒಂದಕ್ಕೊಂದು ತಾಗಬಾರದು, ಪಾದ ಚಪ್ಪಟೆಯಾಗಿರಬಾರದು, ಬಣ್ಣಗಳನ್ನು ಕಣ್ಣು ಸರಿಯಾಗಿ ಗುರುತಿಸಬೇಕು, ಹಲ್ಲುಗಳಿಗೂ ಅಂಕ ಹಾಕಿ ಕನಿಷ್ಠ 14 ಇವೆಯೇ ಎಂದು ನೋಡುತ್ತಾರೆ. ಕಿವಿಯೊಳಗೆ ದೀಪ ಹಿಡಿಯುತ್ತಾರೆ. ಒಂದು ಬೆರಳು ಸೊಟ್ಟಗಿದ್ದ ಕಾರಣಕ್ಕೆ ವಾಪಸು ಬಂದ ಹುಡುಗರನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಇಷ್ಟೆಲ್ಲ ಎಣಿಸಿ ಪಡೆದ ದೇಹ ಹತ್ತೋ ಹದಿನೈದೋ ವರ್ಷಗಳ ನಂತರ ಕಾಯಿಲೆ ಹೊತ್ತು ಮರಳಿದಾಗ, ಮಂಡಳಿಯ ವರದಿಯಲ್ಲಿ ಒಂದೇ ಒಂದು ಸಾಲು ಬರೆದಿರುತ್ತದೆ: ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ. ಇಂಗ್ಲಿಷಿನಲ್ಲಿ ಆ ಸಾಲಿನ ಮೊದಲಕ್ಷರಗಳನ್ನು ಸೇರಿಸಿ ಕಡತಗಳಲ್ಲಿ ಎನ್‌ಎಎನ್‌ಎ ಎಂದು ಬರೆಯುತ್ತಾರೆ. ಆ ನಾಲ್ಕು ಅಕ್ಷರ ಬಿದ್ದರೆ ಡಿಸೆಬಿಲಿಟಿ ಎಲಿಮೆಂಟ್ ಇಲ್ಲ.

ಇದರ ಬಗ್ಗೆ ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಓದಿದಾಗ ನನಗೆ ನನ್ನ ಮೊದಲ ವಾರದ ಪಾಠವೇ ಕಂಡಿತು. ಧರ್ಮವೀರ್ ಅವರು 1985ರಲ್ಲಿ ಸೈನ್ಯದ ಸಿಗ್ನಲ್ಸ್ ದಳಕ್ಕೆ ಸೇರಿದ್ದ ಸಿಪಾಯಿ. ಸುಮಾರು ಒಂಬತ್ತು ವರ್ಷಗಳ ಸೇವೆಯ ನಂತರ ಮೂರ್ಛೆರೋಗದ ಕಾರಣಕ್ಕೆ ಶೇಕಡ 20 ಅಂಗವೈಕಲ್ಯವೆಂದು ಹೊರಗೆ ಕಳಿಸಿದರು. ರೋಗ ದೇಹಪ್ರಕೃತಿಯದು, ಸೇವೆಗೆ ಸಂಬಂಧವಿಲ್ಲ ಎಂದರು. 1982ರ ಅರ್ಹತಾ ನಿಯಮಗಳನ್ನು ಇಟ್ಟುಕೊಂಡು ನ್ಯಾಯಾಲಯ ಹೇಳಿದ್ದಿಷ್ಟು: ಸೇರುವಾಗ ಕಾಯಿಲೆಯ ನಮೂದು ಇಲ್ಲದಿದ್ದರೆ ಆತ ಆಗ ಆರೋಗ್ಯವಂತನಾಗಿದ್ದನೆಂದೇ ತಿಳಿಯಬೇಕು; ನಂತರ ಬಂದ ಕುಂದು ಸೇವೆಯಿಂದ ಬಂದದ್ದೆಂದು ಭಾವಿಸಬೇಕು; ಹಾಗಲ್ಲ ಎನ್ನುವುದಾದರೆ ಅದನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದು; ಸೇರುವಾಗ ಅದನ್ನು ಏಕೆ ಕಂಡುಹಿಡಿಯಲಾಗಲಿಲ್ಲ ಎಂಬುದಕ್ಕೆ ವೈದ್ಯಕೀಯ ಮಂಡಳಿ ಕಾರಣ ಬರೆಯಬೇಕು.

ಈ ತೀರ್ಪು ಬಂದ ಮೇಲೂ ಹೊಣೆ ಎಲ್ಲಿ ಉಳಿದಿದೆ ಎಂಬುದನ್ನು ನನಗೆ ತೋರಿಸಿಕೊಟ್ಟವರು ಒಬ್ಬ ತಾಯಿ. ಹಸಿರು ಇಳಕಲ್ ಸೀರೆ ಉಟ್ಟು, ಪ್ಲಾಸ್ಟಿಕ್ ಚೀಲವೊಂದನ್ನು ಎದೆಗೆ ಅವುಚಿಕೊಂಡು ಅವರು ನನ್ನ ಮೇಜಿಗೆ ಬಂದು, ಮಗನ ಪೆನ್ಷನ್ ಬಂದಿದೆಯೇ ನೋಡು ಎಂದರು. ಎಷ್ಟು ಹುಡುಕಿದರೂ ಆ ಹೆಸರಿನಲ್ಲಿ ಪಿಂಚಣಿ ಆದೇಶವೇ ಇರಲಿಲ್ಲ. ಚೀಲದಲ್ಲಿ ಡಿಸ್ಚಾರ್ಜ್ ಬುಕ್ಕು, ಬಿಳಿ ಬಣ್ಣಕ್ಕೆ ತಿರುಗಿದ ಫೋಟೋ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯ ಚೀಟಿಗಳ ಕಟ್ಟು ಇದ್ದವು. ಹತ್ತೊಂಬತ್ತಕ್ಕೆ ಸೈನ್ಯ ಸೇರಿದ ಮಗನನ್ನು ಏಳು ವರ್ಷದ ನಂತರ, 2006ರಲ್ಲಿ, ಸ್ಕಿಜೋಫ್ರೇನಿಯಾ ಎಂದು ಬರೆದು ಕಳಿಸಿದ್ದರು. ಅದೇ ನಾಲ್ಕು ಅಕ್ಷರ. ಹತ್ತು ವರ್ಷದ ಸೇವೆ ಇಲ್ಲದ ಕಾರಣ, ಕಾಯಿಲೆಯಿಂದ ಸೇವೆ ಬಿಡಬೇಕಾದವರಿಗೆ ಕೊಡುವ ಇನ್ವ್ಯಾಲಿಡ್ ಪಿಂಚಣಿಯೂ ಇಲ್ಲ. ಹತ್ತು ವರ್ಷದ ಆ ಷರತ್ತನ್ನು ಸಡಿಲಿಸಿದ 2020ರ ಆದೇಶ 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿದ್ದವರಿಗೆ ಮಾತ್ರ. ಬಂದದ್ದು ಒಂದೇ ಸಲದ ಸಣ್ಣ ಮೊತ್ತ, ಅದು ಮೊದಲ ವರ್ಷದ ಔಷಧಿಗೇ ಖರ್ಚಾಗಿತ್ತು. ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ನಾನು ಕೇಳಿದೆ. ಕೇಳಬಾರದಿತ್ತು, ಮಂಡಳಿಯ ಪ್ರಶ್ನೆಯನ್ನೇ ನಾನೂ ಕೇಳಿದಂತಾಯಿತು. ಆಕೆ ನನ್ನನ್ನು ನೇರವಾಗಿ ನೋಡಿ, “ಕೊಡೂ ಮುಂದ ಶಾಣ್ಯಾ ಮಗನ್ನ ಕೊಟ್ಟಿದ್ದೆ ಯವ್ವಾ, ಅವರೂ ನೋಡೇ ತಗೊಂಡಾರ” ಎಂದರು. ಸುಪ್ರೀಂ ಕೋರ್ಟಿನ ಹತ್ತಾರು ಪುಟಗಳ ತೀರ್ಪಿನ ತಿರುಳು ಆ ಒಂದು ಮಾತಿನಲ್ಲಿ ಇತ್ತು.

ಮನಸ್ಸಿನ ಕಾಯಿಲೆಯ ಪ್ರಕರಣಗಳಲ್ಲಿ ಕುಟುಂಬ ಅನುಭವಿಸುವುದು ಎರಡು ಪಟ್ಟು. ಕಾಲು ಕಳೆದುಕೊಂಡವನನ್ನು ಊರು ಗೌರವದಿಂದ ನೋಡುತ್ತದೆ. ಇವರನ್ನು ಮಾತ್ರ ಸೈನ್ಯ ಓಡಿಸಿತು ಎಂದು ಆಡಿಕೊಳ್ಳುತ್ತದೆ. 2025ರ ಮೇ ತಿಂಗಳಲ್ಲಿ ರಾಜುಮೋನ್ ಪ್ರಕರಣದಲ್ಲಿ, ಇದೇ ಕಾಯಿಲೆಯಿಂದ 1998ರಲ್ಲಿ ಹೊರಬಂದ ಒಬ್ಬ ಸಿಪಾಯಿಗೆ ಸುಪ್ರೀಂ ಕೋರ್ಟ್ ಅಂಗವೈಕಲ್ಯ ಪಿಂಚಣಿ ಕೊಡಿಸಿತು; ಕಾರಣ ಬರೆಯದ ಮಂಡಳಿಯ ವರದಿಯನ್ನು ಆಧಾರವಾಗಿ ಇಟ್ಟುಕೊಂಡು ಪಿಂಚಣಿ ನಿರಾಕರಿಸಲಾಗದು ಎಂದಿತು. 1998ರಿಂದ 2025ಕ್ಕೆ 27 ವರ್ಷ. ನನ್ನ ಇಡೀ ಬ್ಯಾಂಕ್ ಸೇವೆ ಹೆಚ್ಚುಕಡಿಮೆ ಅಷ್ಟೇ ಉದ್ದದ್ದು.

ದೂರು ಹೇಳಲು ದಾರಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೊದಲನೆಯ ಮೇಲ್ಮನವಿ, ಎರಡನೆಯ ಮೇಲ್ಮನವಿ, ಆಮೇಲೆ 2007ರ ಕಾಯ್ದೆಯಡಿ 2009ರಿಂದ ಕೆಲಸ ಮಾಡುತ್ತಿರುವ ನ್ಯಾಯಮಂಡಳಿ. ಕೊಡಗಿನಿಂದ ಬೆಳಗಾವಿಯವರೆಗೆ ಮನೆಮನೆಯಿಂದ ಸೈನಿಕರನ್ನು ಕಳಿಸಿದ ನಮ್ಮ ರಾಜ್ಯದಲ್ಲಿ ಅದರ ಸ್ಥಾಯಿ ಪೀಠವಿಲ್ಲ. ನೊಂದವನು ಹೊರರಾಜ್ಯದ ವಕೀಲರನ್ನು ಹುಡುಕಿ, ರಾತ್ರಿ ರೈಲು ಹತ್ತಿ ಹೋಗಬೇಕು. ಹೋಗಿ ಗೆದ್ದನೆಂದರೂ ಮುಗಿಯಿತೆಂದಲ್ಲ, ಸರ್ಕಾರ ಮೇಲಿನ ನ್ಯಾಯಾಲಯಕ್ಕೆ ಹೋಗುತ್ತದೆ. 2025ರ ಜುಲೈನಲ್ಲಿ ದೆಹಲಿ ಹೈಕೋರ್ಟ್, ಅಂಗವೈಕಲ್ಯ ಪಿಂಚಣಿ ಕೊಡಿ ಎಂದ ನ್ಯಾಯಮಂಡಳಿಯ ಆದೇಶಗಳನ್ನು ಪ್ರಶ್ನಿಸಿ ಕೇಂದ್ರ ಸರ್ಕಾರ ಸಲ್ಲಿಸಿದ್ದ ಸುಮಾರು 300 ಅರ್ಜಿಗಳನ್ನು ಒಟ್ಟಿಗೆ ವಜಾ ಮಾಡಿತು. ಆ ಒಂದೊಂದು ಅರ್ಜಿಯ ಹಿಂದೆಯೂ ಗೆದ್ದು ಮನೆಗೆ ಬಂದು ಪೇಡೆ ಹಂಚಿ, ಮತ್ತೆ ನೋಟಿಸು ಪಡೆದ ಒಂದು ಮನೆ ಇದೆ. ಮನೋಹರ ಪರಿಕ್ಕರ್ ಅವರು ರಕ್ಷಣಾ ಸಚಿವರಾಗಿದ್ದಾಗ 2015ರಲ್ಲಿ, ಇಲಾಖೆಯ ವ್ಯಾಜ್ಯಗಳನ್ನು ತಗ್ಗಿಸುವ ದಾರಿ ಹುಡುಕಲು ತಜ್ಞರ ಸಮಿತಿಯೊಂದನ್ನು ಮಾಡಿದ್ದರು. ಗಾಯಾಳು ಸೈನಿಕರ ವಿರುದ್ಧದ ಇಂಥ ಮೇಲ್ಮನವಿಗಳನ್ನು ಕೈಬಿಡಬೇಕೆಂದು ಆ ಸಮಿತಿ ಸ್ಪಷ್ಟವಾಗಿ ಹೇಳಿತ್ತು. ಅದರಂತೆ ನಡೆದಿದ್ದರೆ ಹತ್ತು ವರ್ಷಗಳ ನಂತರ ಆ 300 ಅರ್ಜಿಗಳು ಇರುತ್ತಿರಲಿಲ್ಲ.

ಸರ್ಕಾರದ ಕಡೆಯ ವಾದವನ್ನೂ ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. 2023ರಲ್ಲಿ ಬಂದ ಮಹಾಲೇಖಪಾಲರ ವರದಿಯ ಪ್ರಕಾರ, 2015–16ರಿಂದ 2019–20ರವರೆಗೆ ನಿವೃತ್ತರಾದ ಅಧಿಕಾರಿಗಳಲ್ಲಿ ಶೇಕಡ 36ರಿಂದ 40ರಷ್ಟು ಜನ ಅಂಗವೈಕಲ್ಯ ಪಿಂಚಣಿ ಪಡೆದಿದ್ದಾರೆ. ಜವಾನರೂ ಸೇರಿದಂತೆ ಅಧಿಕಾರಿಗಳಿಗಿಂತ ಕೆಳಗಿನ ದರ್ಜೆಯವರಲ್ಲಿ ಆ ಪ್ರಮಾಣ ಶೇಕಡ 15ರಿಂದ 18. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಹೆಸರಿನಲ್ಲಿ ಸೌಲಭ್ಯ ದುರ್ಬಳಕೆಯಾಗುತ್ತಿದೆ ಎಂಬ ಚರ್ಚೆ ಎದ್ದಿತು, 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದವು. ದುರ್ಬಳಕೆ ಇದ್ದರೆ ಅದನ್ನು ತಡೆಯಲೇಬೇಕು. ಆದರೆ ಈ ಅಂಕಿಗಳನ್ನು ನೋಡಿದಾಗ ನನಗೆ ಮೊದಲು ಕಾಣುವುದು ಬೇರೆಯೇ. ಹಿಮದಲ್ಲಿ, ಗಡಿಯ ಬಂಕರುಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿ ನಿಲ್ಲುವವನು ಜವಾನ. ನಿಯಮ ಗೊತ್ತಿರುವವನು, ಮಂಡಳಿಯ ಮುಂದೆ ಇಂಗ್ಲಿಷಿನಲ್ಲಿ ತನ್ನ ಕಷ್ಟ ಹೇಳಿಕೊಳ್ಳಬಲ್ಲವನು ಅಧಿಕಾರಿ. ಸಂಶಯದ ಹೊರೆ ಬಿಗಿಯಾದಷ್ಟೂ ಅದು ಮೊದಲು ಬೀಳುವುದು ಮಾತು ಬಾರದವನ ಮೇಲೆಯೇ. ಶಾಂತ ಪ್ರದೇಶದಲ್ಲಿ ಬಂದ ರಕ್ತದೊತ್ತಡವಾದರೂ, ರಜೆ ಸಿಗದೆ, ಮನೆಯ ಜಗಳವನ್ನು ಫೋನಿನಲ್ಲಿ ಕೇಳುತ್ತ, ಅರ್ಧ ರಾತ್ರಿ ಕಾವಲು ಕಾಯುವ ಮೂವತ್ತೈದರ ಮನುಷ್ಯನಿಗೆ ಬಂದದ್ದು ಎಂಬುದನ್ನು ಮರೆಯುವುದು ನನ್ನಿಂದಾಗದು. ಪ್ರತಿಯೊಬ್ಬನ ವರದಿಯಲ್ಲೂ ವೈದ್ಯರು ಕಾರಣವನ್ನು ವಿವರವಾಗಿ ಬರೆಯಲಿ. ಸುಳ್ಳು ಹೇಳಿದವನೂ ಅಲ್ಲಿಯೇ ಸಿಕ್ಕಿಬೀಳುತ್ತಾನೆ, ನಿಜವಾಗಿ ನೊಂದವನೂ ಅಲ್ಲಿಯೇ ಉಳಿದುಕೊಳ್ಳುತ್ತಾನೆ.

ನಿಯಮಗಳ ಒಳಗೆ ಇನ್ನೂ ಎಷ್ಟೋ ಗೆರೆಗಳಿವೆ. ಫಿರಂಗಿಗಳ ಪಕ್ಕದಲ್ಲಿ ಇಪ್ಪತ್ತು ವರ್ಷ ನಿಂತು ಕಿವಿ ಮಂದವಾದ, ನಾಯಕ್ ದರ್ಜೆಯ ಒಬ್ಬ ಸೈನಿಕರಿಗೆ ಮಂಡಳಿ ಶೇಕಡ 15ರಿಂದ 19 ಎಂದು ಬರೆದಿತ್ತು. ಅವಧಿ ಮುಗಿಸಿ ನಿವೃತ್ತನಾದವನಿಗೆ ಶೇಕಡ 20 ಮುಟ್ಟದಿದ್ದರೆ ಈ ಪಾಲಿನಲ್ಲಿ ಒಂದು ರೂಪಾಯಿಯೂ ಇಲ್ಲ. ಅವರು ನನ್ನ ತುಟಿಗಳನ್ನು ನೋಡಿಕೊಂಡೇ ಮಾತು ಅರ್ಥ ಮಾಡಿಕೊಳ್ಳುತ್ತಿದ್ದರು. ರಜೆಗೆಂದು ಜಮ್ಮುವಿನಿಂದ ಹುಬ್ಬಳ್ಳಿಗೆ ಬರುವ ದಾರಿಯಲ್ಲಿ ಕಾಲು ಮುರಿದುಕೊಂಡವನು ಕರ್ತವ್ಯದಲ್ಲಿ ಇದ್ದಂತೆ. ಮನೆಗೆ ಬಂದ ಮೇಲೆ ತೆಂಗಿನ ಮರದಿಂದ ಬಿದ್ದರೆ ಇಲ್ಲ. ಈ ಗೆರೆಯನ್ನು ನಾನು ಒಪ್ಪುತ್ತೇನೆ, ಎಲ್ಲಿಯಾದರೂ ಒಂದು ಗೆರೆ ಬೇಕು. ಒಪ್ಪಲಾಗದ್ದು 2022ರ ಅಗ್ನಿಪಥ ಯೋಜನೆ ಎಳೆದ ಗೆರೆ. ಅಂಗವೈಕಲ್ಯ ಶೇಕಡ 50, 75 ಅಥವಾ 100 ಎಂಬುದರ ಮೇಲೆ ಅಗ್ನಿವೀರನಿಗೆ ಒಂದೇ ಬಾರಿಗೆ 15, 25 ಅಥವಾ 44 ಲಕ್ಷ ರೂಪಾಯಿ ಪರಿಹಾರವಿದೆ, ತಿಂಗಳ ಪಿಂಚಣಿ ಇಲ್ಲ. ಇಪ್ಪತ್ತೊಂದಕ್ಕೆ ಬೆನ್ನುಹುರಿಗೆ ಪೆಟ್ಟಾದ ಹುಡುಗ ಐವತ್ತು ವರ್ಷ ಬದುಕಬೇಕಾಗುತ್ತದೆ. ಒಂದೇ ಗಂಟಿನ ಹಣ ನಮ್ಮ ಹಳ್ಳಿಗಳಲ್ಲಿ ಹೇಗೆ ಕರಗುತ್ತದೆಂಬುದನ್ನು, ತಂಗಿಯ ಮದುವೆಗೆ, ಅಣ್ಣನ ಬೋರ್‌ವೆಲ್ಲಿಗೆ ಎಂದು ಡೆಪಾಸಿಟ್ ಒಡೆಸಲು ಬಂದವರ ಮುಖಗಳಲ್ಲಿ ನಾನು ವರ್ಷಗಟ್ಟಲೆ ಕಂಡಿದ್ದೇನೆ. ಗಾಯ ತಿಂಗಳು ತಿಂಗಳು ಇರುವಂಥದ್ದು, ಹಣವೂ ತಿಂಗಳು ತಿಂಗಳು ಬರಬೇಕು.

ನಿವೃತ್ತಿಯ ನಂತರ ಶನಿವಾರದ ಬೆಳಗುಗಳನ್ನು ನಾನು ಈ ಕಾಗದಗಳಿಗೇ ಇಟ್ಟಿದ್ದೇನೆ. ಆ ತಾಯಿಯ ಮಗನ ಪರವಾಗಿ ಮೊದಲು ಮಾಡಿದ ಕೆಲಸ, ಭರ್ತಿಯಾದ ದಿನದ ವೈದ್ಯಕೀಯ ವರದಿಯ ಪ್ರತಿ ಬೇಕೆಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದು. ಎರಡು ಸಲ ಉತ್ತರ ಬರಲಿಲ್ಲ, ಮೂರನೆಯ ಸಲ ದಪ್ಪ ಲಕೋಟೆ ಬಂತು. ಆಕೆಯನ್ನು ಕರೆಸಿದೆ. ಮಗನೂ ಬಂದಿದ್ದ, ಬಾಗಿಲ ಬಳಿ ಕುರ್ಚಿಯ ತುದಿಗೆ ಕೂತು ಚಪ್ಪಲಿಯ ಪಟ್ಟಿಯನ್ನು ಬಿಚ್ಚುತ್ತ ಹಾಕುತ್ತ ಇದ್ದ. ಕೈಬರಹದಲ್ಲಿ ತುಂಬಿದ ಆ ಹಾಳೆಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದೆ: ಎತ್ತರ, ತೂಕ, ಎದೆಯಳತೆ, ಎರಡೂ ಕಣ್ಣು ಸರಿ, ಎರಡೂ ಕಿವಿ ಸರಿ, ಮನಸ್ಸಿನ ಕಾಯಿಲೆಯ ಲಕ್ಷಣ ಇಲ್ಲ, ಸೇವೆಗೆ ಯೋಗ್ಯ. ಕೆಳಗೆ ವೈದ್ಯಾಧಿಕಾರಿಯ ಸಹಿ, ಮೊಹರು, ತಾರೀಖು. ಆಕೆ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಆ ಮೊಹರನ್ನು ಬಹಳ ಹೊತ್ತು ನೋಡಿದರು. “ಇನ್ನೊಮ್ಮಿ ಓದ ಯವ್ವಾ, ಅವನೂ ಕೇಳಲಿ” ಎಂದರು. ನಾನು ಮೊದಲ ಸಾಲಿನಿಂದ ಮತ್ತೆ ಓದಿದೆ.